ಪಟದಕ್ಕ ಮತ್ತು ಟೈಲರಮ್ಮನ ಬಲಗಾಲು

ಪಟದಕ್ಕನ ಸುದ್ದಿ ಟೈಲರಮ್ಮನ ಕಿವಿಗೆ ಮೊದಲು ಬಿದ್ದದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಅದೂ ದೂರಿನ ರೂಪದಲ್ಲಿ.

ಗಾಯ ತೊಳೆದು ಬಟ್ಟೆ ಕಟ್ಟುವ ಕೋಣೆಯ ಮುಂದೆ ಅವತ್ತು ಕಾಲುನೋವಿನವರೆಲ್ಲ ಸಾಲಾಗಿ ಕೂತಿದ್ದರು. ಟೈಲರಮ್ಮನ ಪಕ್ಕದಲ್ಲಿದ್ದವರು ಕೆಲಸದಿಂದ ನಿವೃತ್ತರಾದ ಬಸ್ ಡ್ರೈವರು. ಅವರ ಎಡಗಾಲಿನ ಹೆಬ್ಬೆರಳಿಗೆ ಮಗುವಿನ ತಲೆಯಷ್ಟು ದಪ್ಪ ಬಟ್ಟೆ ಸುತ್ತಿತ್ತು. ಬಾಯಿಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ. ಅವರು ಹೇಳುವ ಪ್ರಕಾರ, ಕೆಳಗಿನ ಮಹಡಿಯಲ್ಲಿ ದೊಡ್ಡ ಕೊಳವೆಯಂಥ ಒಂದು ಮೆಷಿನ್ ಇದೆ, ಎಂಆರ್‌ಐ ಅಂತಾರೆ, ಅದರಲ್ಲಿ ಮಲಗಿಸಿ ಕಾಲಿನ ರಕ್ತನಾಳಗಳ ಪಟ ತೆಗೆಯೋಳು ಒಬ್ಬಳಿದ್ದಾಳೆ, ಆಸ್ಪತ್ರೆಗೆಲ್ಲ ಅವಳು ಪಟದಕ್ಕ. ಅವಳ ಕೈಗೆ ಸಿಕ್ಕರೆ ಮುಗಿಯಿತು. ಸೊಳ್ಳೆ ಕಚ್ಚಿದರೂ ಕೆರೆದುಕೊಳ್ಳುವಂತಿಲ್ಲ, ಕೆಮ್ಮು ಬಂದರೆ ನುಂಗಬೇಕು, ಗಾಜಿನ ಆಚೆ ಕೂತು ಮೈಕಿನಲ್ಲಿ ಗದರುತ್ತಾಳೆ. "ಜೀವಮಾನವೆಲ್ಲ ಬಸ್ ತುಂಬ ಜನರನ್ನ ಹೊತ್ತು ತಿರುಗಿದವನು ನಾನು. ಒಬ್ಬರಿಗಾದರೂ ಉಸಿರು ಹಿಡೀರಿ ಅಂದಿದ್ದೀನಾ, ನೀವೇ ಹೇಳಿ," ಎಂದು ಟೈಲರಮ್ಮನನ್ನೇ ಸಾಕ್ಷಿಗೆ ಕರೆದರು.

"ನೀವು ಹೇಳೋದೇ ಬೇಡ," ಎಂದಳು ಟೈಲರಮ್ಮ. "ನಿಮ್ಮ ಬಸ್ಸಲ್ಲಿ ಉಸಿರಾಡೋಕೆ ಜಾಗ ಎಲ್ಲಿತ್ತು?"

ಸಾಲಿಗೆ ಸಾಲೇ ನಕ್ಕಿತು. ನಗದವಳು ಒಬ್ಬಳೇ, ಟೈಲರಮ್ಮನ ಸೊಸೆ. ಅತ್ತೆ ಹೀಗೆ ನಾಲಿಗೆ ಚುರುಕು ಮಾಡಿದಾಗಲೆಲ್ಲ ಒಳಗೆ ಹೆದರಿಕೊಂಡಿದ್ದಾಳೆ ಎಂದು ಅವಳಿಗೆ ಗೊತ್ತು.

ಹೆದರಿಕೆಗೆ ಕಾರಣವಿತ್ತು. ಟೈಲರಮ್ಮನದು ಚಪ್ಪಲಿ ಹೊಲಿಯುವವನ ಅಂಗಡಿಗೂ ಹಳೇ ಪೇಪರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆಯ ಅಂಗಡಿ. ಗಂಡ ಬದುಕಿದ್ದಾಗ ಅವನು ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಅವನು ಹೋದ ಮೇಲೆ ಎರಡೂ ಅವಳ ಪಾಲಿಗೆ ಬಂತು. ಓದು ಬರಹ ಅಷ್ಟಕ್ಕಷ್ಟೇ, ಆದರೆ ಟೇಪಿನ ಅಂಕಿ ಓದಲು ಎಂದೂ ತಡವರಿಸಿದವಳಲ್ಲ. ಸೊಸೆ ಬಂದು ಕರೆಂಟಿನ ಮೆಷಿನ್ ಹಾಕಿಸಿದರೂ ತಾನು ಮಾತ್ರ ಕಾಲಲ್ಲಿ ತುಳಿಯುವ ಹಳೇ ಮೆಷಿನ್ ಬಿಡಲಿಲ್ಲ. ಕಾಲು ನಿಂತರೆ ತಲೆಯೂ ನಿಲ್ಲುತ್ತದೆ ಎನ್ನುವುದು ಅವಳ ವಾದ.

ಆ ಕಾಲೇ ಕೈಕೊಟ್ಟಿತು. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಮೊದಲು ನಡೆಯುವಾಗ ಬಲಗಾಲಿನ ಮೀನಖಂಡ ಹಿಂಡಿದ ಹಾಗಾಗುವುದು. ನಿಂತರೆ ಸರಿಹೋಗುವುದು. ನಿಲ್ಲುವುದಕ್ಕೆ ನಾಚಿಕೆಯಾಗಿ ಪಾತ್ರೆ ಅಂಗಡಿಯ ಮುಂದೆ ನಿಂತು ಮುಚ್ಚಳಗಳನ್ನು ತಿರುಗಿಸಿ ನೋಡುವುದು ರೂಢಿಯಾಯಿತು. ಪಾತ್ರೆಯವನು ಇವತ್ತಲ್ಲ ನಾಳೆ ಕೊಳ್ಳುತ್ತಾಳೆ ಎಂದು ದಿನಾ ಎದ್ದು ನಿಂತು ಮಾತಾಡಿಸಿ ಕೊನೆಗೆ ಸುಸ್ತಾದ. ಆಮೇಲೊಂದು ದಿನ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಗುಂಡುಪಿನ್ ಕಿರುಬೆರಳಿಗೆ ಚುಚ್ಚಿತು. ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವಷ್ಟರಲ್ಲಿ ಬೆರಳು ಕಪ್ಪಗಾಗಿ ಪಾದದ ಮೇಲೆಲ್ಲ ಕೆಂಪು ಹರಡಿತ್ತು. ಸೊಸೆ ನೋಡಿದವಳೇ ಅಂಗಡಿಯ ಬಾಗಿಲು ಎಳೆದು, ಬೈಯುತ್ತಲೇ ಆಟೋ ಹತ್ತಿಸಿದಳು.

ಕಾಲಿನ ಡಾಕ್ಟರು ಮಾತು ಕಡಿಮೆಯ ಮನುಷ್ಯ. ಪಾದದ ಮೇಲೆ, ಕಾಲಿನ ಹರಡಿನ ಗಂಟಿನ ಹಿಂದೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ತುಂಬ ಹೊತ್ತು ನಿಂತರು. ನಾಡಿ ಸಿಗಲಿಲ್ಲ. ತೊಡೆಯ ಹತ್ತಿರ ದೊಡ್ಡ ರಕ್ತನಾಳ ಮುಚ್ಚಿದೆ, ಕೆಳಗೆ ಎಲ್ಲಾದರೂ ತೆರೆದ ನಾಳ ಇದ್ದರೆ ಮೇಲಿನಿಂದ ಅಲ್ಲಿಗೆ ಒಂದು ಹೊಸ ದಾರಿ ಜೋಡಿಸಬಹುದು, ಇಲ್ಲದಿದ್ದರೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಗುತ್ತದೆ ಎಂದರು. ತೊಡೆಗೆ ಸೂಜಿ ಹಾಕಿ ಔಷಧಿ ಬಿಟ್ಟು ನೋಡುವ ಇನ್ನೊಂದು ರೀತಿ ಇತ್ತು. ಆದರೆ ಆ ಔಷಧಿ ಟೈಲರಮ್ಮನ ಮೈಗೆ ಆಗುವುದಿಲ್ಲವೆಂದು ಹಿಂದೊಮ್ಮೆ ಮೈಯೆಲ್ಲ ಊದಿಕೊಂಡು ಗೊತ್ತಾಗಿತ್ತು. ಹಾಗಾಗಿ ಉಳಿದದ್ದು ಪಟದಕ್ಕನ ಕೊಳವೆ ಒಂದೇ.

"ಕಿರುಬೆರಳಿಗೆ ಪಿನ್ ಚುಚ್ಚಿದ್ದಕ್ಕೆ ಕಾಲೇ ತೆಗೀತಾರಂತೆ. ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅನ್ನೋದು ಇದಕ್ಕೇ," ಎಂದಳು ಟೈಲರಮ್ಮ ಹೊರಗೆ ಬಂದು. ಸೊಸೆ ಆಗಲೂ ನಗಲಿಲ್ಲ.

ಕೆಳಗಿನ ಮಹಡಿಯಲ್ಲಿ ಚಳಿ. ಪಟದಕ್ಕ ಎಂದರೆ ಎತ್ತರದ, ಗಡಸು ಹೆಂಗಸು ಇರಬಹುದೆಂದು ಟೈಲರಮ್ಮ ಎಣಿಸಿದ್ದಳು. ಎದುರಿಗೆ ಬಂದವಳು ಗಿಡ್ಡಗೆ, ದುಂಡಗೆ, ಅರ್ಧ ನರೆತ ಕೂದಲನ್ನು ರಬ್ಬರಿನಲ್ಲಿ ಬಿಗಿದವಳು. ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಮಾತ್ರ ಒಡೆದಿತ್ತು. ಮೆಷಿನ್ ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹದ ಸಾಮಾನು ಇರಬಾರದು, ಏನಾದರೂ ಇದೆಯಾ ಎಂದು ಕೇಳಿದಳು. ಓಲೆ ಬಳೆ ಎಲ್ಲ ಸೊಸೆಗೆ ಕೊಟ್ಟಾಗಿದೆ, ಏನೂ ಇಲ್ಲ ಎಂದಳು ಟೈಲರಮ್ಮ. ಪಟದಕ್ಕ ಅವಳ ಬೆರಳುಗಳನ್ನು ನೋಡಿದಳು, ಏನೋ ಅನುಮಾನ ಬಂದು ಅಂಗಿಯ ಎದೆಯ ಮಡಿಕೆ ತಡವಿದಳು. ಒಂದು ಗುಂಡುಪಿನ್ ಬಂತು. ಇನ್ನೊಂದು ಬಂತು. ಕೊರಳಪಟ್ಟಿಯ ಅಡಿಯಿಂದ ದಾರ ಪೋಣಿಸಿದ ಸೂಜಿ, ತೋಳಿನ ಅಂಚಿನಿಂದ ಒಂದು ಹುಕ್ಕು.

"ಅಮ್ಮ, ನೀವು ಒಳಗೆ ಹೋಗಿದ್ರೆ ಮೆಷಿನ್ನೇ ನಿಮ್ಮನ್ನ ಹೊಲಿದುಬಿಡ್ತಿತ್ತು," ಎಂದು ಪಟದಕ್ಕ ಅವನ್ನೆಲ್ಲ ಒಂದು ಬಟ್ಟಲಿಗೆ ಹಾಕಿ, ಅಂಗಿಯನ್ನೇ ಬಿಚ್ಚಿಸಿ ಆಸ್ಪತ್ರೆಯ ನಿಲುವಂಗಿ ತೊಡಿಸಿದಳು.

ಮೊದಲು ಔಷಧಿ ಇಲ್ಲದೆ ಒಂದು ಪಟ, ಆಮೇಲೆ ತೋಳಿನಲ್ಲಿ, ಮೈಗೆ ಆಗದ ಆ ಔಷಧಿಯಲ್ಲ, ಬೇರೆ ಔಷಧಿ ಬಿಟ್ಟು ಮತ್ತೊಂದು ಪಟ. ಹೊಟ್ಟೆಯಿಂದ ತೊಡೆ, ತೊಡೆಯಿಂದ ಮೀನಖಂಡ, ಅಲ್ಲಿಂದ ಪಾದ, ಹೀಗೆ ಹಾಸಿಗೆ ಸರಿಯುತ್ತ ಹೋಯಿತು. ಕಿವಿಗೆ ಹತ್ತಿ ತುರುಕಿದ್ದರೂ ಮೆಷಿನ್ ಟಕಟಕಟಕ ಎಂದು ತಲೆಯೊಳಗೇ ಬಡಿಯಿತು. ಅಲುಗಬೇಡಿ ಎಂದಳು ಪಟದಕ್ಕ, ಟೈಲರಮ್ಮ ಕಲ್ಲಿನ ಹಾಗೆ ಬಿದ್ದುಕೊಂಡಳು. ಮೂಗಿನ ತುದಿ ನವೆ ಎದ್ದು ಕಣ್ಣಲ್ಲಿ ನೀರು ಬಂದರೂ ಕೈ ಎತ್ತಲಿಲ್ಲ. ಹೊರಗೆ ಬಂದಾಗ ತಾನು ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಗೆದ್ದೆ ಎಂದೇ ಅವಳ ನಂಬಿಕೆ.

ಮರುದಿನ ಡಾಕ್ಟರು ವಾರ್ಡಿಗೆ ಬಂದು, ತೊಡೆಯವರೆಗೆ ಪಟ ಚೆನ್ನಾಗಿ ಬಂದಿದೆ, ಮೊಣಕಾಲಿನ ಕೆಳಗೆ ಎಲ್ಲ ಬೆಳ್ಳಗೆ ಕಲಸಿಹೋಗಿದೆ ಎಂದರು. ಯಾವುದು ಪಾದಕ್ಕೆ ಹೋಗುವ ನಾಳ, ಯಾವುದು ವಾಪಸ್ ಬರುವ ನಾಳ ಹೇಳಲಾಗುತ್ತಿಲ್ಲ. ಅದರ ಮೇಲೆ ಗೆರೆಯೆಲ್ಲ ಎರಡೆರಡಾಗಿ ಕದಡಿದೆ. ಕಾಣದ ಕಡೆ ತಾನು ಹೊಲಿಗೆ ಹಾಕಲಾರೆ, ಸುಮ್ಮನೆ ಕೊಯ್ದು ನೋಡಿದರೆ ಇರುವ ಗಾಯಕ್ಕೆ ಇನ್ನೊಂದು ಗಾಯ ಸೇರುತ್ತದೆ ಅಷ್ಟೇ. ಕೆಂಪು ಇಳಿಯಲು ಔಷಧಿ ಕೊಡುತ್ತೇನೆ, ಒಂದು ವಾರ ನೋಡೋಣ, ಅಷ್ಟರೊಳಗೆ ದಾರಿ ಕಾಣದಿದ್ದರೆ ಕಾಲು ತೆಗೆಯುವುದೇ ಜೀವಕ್ಕೆ ಒಳ್ಳೆಯದು.

ಟೈಲರಮ್ಮನಿಗೆ ಡಾಕ್ಟರ ಮೇಲೆ ಸಿಟ್ಟು ಬರಲಿಲ್ಲ. ಕತ್ತಲಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿ ಎಂದರೆ ಅವಳಾದರೂ ಒಪ್ಪುತ್ತಿರಲಿಲ್ಲ. ಆದರೆ ಅವರು ಹೋದ ಮೇಲೆ ಹೊದಿಕೆಯೊಳಗೆ ಬಲಗಾಲನ್ನು ಎಡಗಾಲಿನ ಮೇಲಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಮೆಷಿನ್ ತುಳಿಯುವ ಹಲಗೆ ಕಣ್ಣಿಗೆ ಕಟ್ಟಿತು. ಒಂದು ಕಾಲಲ್ಲೂ ತುಳಿಯಬಹುದೇನೋ ಎಂದು ಲೆಕ್ಕ ಹಾಕಿದಳು. ಅಂಗಡಿಯ ಮೂರು ಮೆಟ್ಟಿಲು ನೆನಪಾಗಿ ಲೆಕ್ಕ ಅಲ್ಲೇ ನಿಂತಿತು.

ಅವತ್ತು ಸಂಜೆ, ಕೆಲಸ ಮುಗಿಸಿದ ಪಟದಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುವ ಬದಲು ವಾರ್ಡಿಗೆ ಹತ್ತಿ ಬಂದಳು. ಸ್ಟೂಲು ಎಳೆದು ಕೂತು, ಮೆಷಿನ್ ಓಡುವಾಗ ಕಾಲು ಅಲುಗಿಸಿದಿರಾ ಎಂದು ಕೇಳಿದಳು. ಗದರುವ ದನಿಯಲ್ಲಲ್ಲ, ಕಳೆದ ಬೀಗದ ಕೈಯನ್ನು ಎಲ್ಲಿಟ್ಟಿರಿ ಎಂದು ಕೇಳುವ ಹಾಗೆ. ಟೈಲರಮ್ಮ ಸತ್ತ ಗಂಡನ ಮೇಲೆ ಆಣೆ ಇಟ್ಟು ಇಲ್ಲವೆಂದಳು. ಪಟದಕ್ಕ ನಂಬಿದಳು. ನಂಬಿದ ಮೇಲೆ ಅವಳಿಗೆ ಇನ್ನೂ ಕಷ್ಟವಾಯಿತು. ಗೆರೆ ಯಾಕೆ ಎರಡಾಯಿತು ಎಂದು ತಲೆ ಕೆರೆದುಕೊಂಡು ಕೂತಳು.

ಅಷ್ಟರಲ್ಲಿ ಪಕ್ಕದ ಬಚ್ಚಲಿನಲ್ಲಿ ಯಾರೋ ಹಳೇ ಟೈಲ್ಸ್ ಕೀಳಲು ಉಳಿ ಹಿಡಿದು ಬಡಿಯತೊಡಗಿದರು. ಟಕಟಕಟಕ. ಪಟದಕ್ಕ ಹೊದಿಕೆಯ ತುದಿಯನ್ನೇ ನೋಡಿದಳು. ಅದರೊಳಗೆ ಟೈಲರಮ್ಮನ ಎರಡು ಪಾದಗಳು ಮೆಲ್ಲಗೆ, ಬಹಳ ಮೆಲ್ಲಗೆ, ಹಿಮ್ಮಡಿ ಒಮ್ಮೆ ಬೆರಳು ಒಮ್ಮೆ ಒತ್ತುತ್ತಿದ್ದವು. ಪಟದಕ್ಕ ಹೊದಿಕೆ ಸರಿಸಿ ಪಾದಗಳ ಮೇಲೆ ಕೈಯಿಟ್ಟಳು.

"ಅಮ್ಮ, ಇದೇನಿದು?"

"ಯಾವುದು?" ಎಂದಳು ಟೈಲರಮ್ಮ.

ಸೊಸೆಗೆ ಆ ಕ್ಷಣಕ್ಕೆ ಎಲ್ಲ ಮರೆತು ನಗು ಬಂತು. "ಅಕ್ಕ, ಅವರು ಮಲಗಿದ್ರೂ ಹೊಲೀತಾರೆ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದ್ರೆ ಸಾಕು, ನಮ್ಮತ್ತೆ ಕಾಲು ಒಂದು ಪೈಜಾಮ ಮುಗಿಸಿಬಿಡುತ್ತೆ," ಎಂದವಳು, ಹೇಳಿದ ಮಾತಿನ ಅರ್ಥ ತನಗೇ ಹೊಳೆದು ಬಾಯಿ ಮುಚ್ಚಿಕೊಂಡಳು.

ಟೈಲರಮ್ಮ ಎದ್ದು ಕೂತು ತನ್ನ ಪಾದಗಳನ್ನು ಯಾರದೋ ಎನ್ನುವ ಹಾಗೆ ನೋಡಿದಳು. ಜೀವಮಾನವೆಲ್ಲ ಅನ್ನ ಹಾಕಿದ ಕಾಲು, ತನಗೇ ಹೇಳದೆ ಕೇಳದೆ, ಕೊಳವೆಯೊಳಗೂ ಕೆಲಸಕ್ಕೆ ನಿಂತಿತ್ತು. ಕಣ್ಣಲ್ಲಿ ನೀರು ತುಂಬಿತು. ಪಟದಕ್ಕ ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡು, ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ, ಪರದೆ ನೋಡುತ್ತ ಕೂತವಳು ಪಾದವನ್ನು ನೋಡಲಿಲ್ಲ, ತಪ್ಪು ನನ್ನದು ಎಂದು ಬಿಡಿಸಿ ಹೇಳಿದಳು. ಔಷಧಿ ಇಲ್ಲದ ಪಟವನ್ನು ಔಷಧಿ ಇರುವ ಪಟದಿಂದ ಮೆಷಿನ್ ಕಳೆಯುತ್ತದೆ. ಮೂಳೆ ಮಾಂಸ ಹೋಗಿ ರಕ್ತದ ದಾರಿಯೊಂದೇ ಉಳಿಯಬೇಕು. ನಡುವೆ ಕಾಲು ಒಂದು ನೂಲಿನಷ್ಟು ಸರಿದರೂ ಎರಡೂ ಒಂದರ ಮೇಲೊಂದು ಕೂರುವುದಿಲ್ಲ. ಜೋಡಿಸಿ ಇಟ್ಟ ಎರಡು ಬಟ್ಟೆಗಳಲ್ಲಿ ಅಡಿಯದು ಜರುಗಿದರೆ ಕತ್ತರಿ ಹೇಗೆ ದಾರಿ ತಪ್ಪುತ್ತದೆ ಎಂದು ಟೈಲರಮ್ಮನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ತಲೆಯಾಡಿಸಿದಳು.

ಇನ್ನೊಂದು ತೊಡಕೂ ಇತ್ತು. ಗಾಯ ಕೆಂಪೇರಿದ ಕಾಲಿನಲ್ಲಿ ರಕ್ತ ಬೇಗ ವಾಪಸ್ ಬರುತ್ತದೆ. ಹಾಸಿಗೆ ಸರಿದು ಮೀನಖಂಡದ ಸರದಿ ಬರುವಷ್ಟರಲ್ಲಿ ಔಷಧಿ ಕೆಳಗೆ ಮುಟ್ಟಿ ಮೇಲಕ್ಕೂ ಹೊರಟಿತ್ತು. ಹೋಗುವ ದಾರಿ, ಬರುವ ದಾರಿ ಎರಡೂ ಬೆಳಗಿದರೆ ಡಾಕ್ಟರು ಯಾವುದನ್ನು ಹಿಡಿಯಬೇಕು? ಇದನ್ನು ಟೈಲರಮ್ಮ ಆಮೇಲೆ ಅಂಗಡಿಗೆ ಬಂದವರಿಗೆಲ್ಲ ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು: ಸೂಜಿಯ ದಾರ ಕೆಳಗೆ ಹೋಗುತ್ತೆ, ಬಾಬಿನ್ನಿನ ದಾರ ಮೇಲೆ ಬರುತ್ತೆ, ಎರಡಕ್ಕೂ ಒಂದೇ ಬಣ್ಣ ಹಾಕಿದರೆ ಬಿಚ್ಚುವವರಿಗೆ ಯಾವುದು ಯಾವುದೆಂದು ತಿಳಿಯುತ್ತಾ?

ಬೇರೆ ಊರಿನ ಆಸ್ಪತ್ರೆಯಲ್ಲಿದ್ದ, ತನಗೆ ಕೆಲಸ ಕಲಿಸಿದ ಹಿರಿಯರಿಗೆ ಪಟದಕ್ಕ ಆಗಲೇ ಫೋನ್ ಮಾಡಿ ಕೇಳಿದ್ದಳು. ತೊಡೆಗೆ ಬಿಪಿ ನೋಡುವ ಅಗಲದ ಪಟ್ಟಿ ಕಟ್ಟಿ ಹಗುರಾಗಿ ಗಾಳಿ ತುಂಬಿಸು, ಕೆಳಗೆ ಹೋಗುವ ರಕ್ತಕ್ಕೆ ಅಡ್ಡಿಯಾಗಬಾರದು, ಮೇಲೆ ಬರುವುದು ಮಾತ್ರ ಸ್ವಲ್ಪ ತಡೆಯಬೇಕು, ಈ ಸಲ ಮೀನಖಂಡವನ್ನೇ ಮೊದಲು ಹಿಡಿ ಎಂದು ಅವರು ಹೇಳಿದ್ದರು. ಪಟದಕ್ಕ ಅದನ್ನು ಕೇಳಿದ್ದಳೇ ಹೊರತು ಕೈಯಾರೆ ಮಾಡಿರಲಿಲ್ಲ. ಡಾಕ್ಟರಿಗೆ ಹೇಳಿದಾಗ ಅವರು, ಮಾಡೋಣ, ಗಾಳಿ ಎಷ್ಟು ತುಂಬಬೇಕೆಂದು ನಾನೇ ಬಂದು ನಿಂತು ನೋಡುತ್ತೇನೆ ಎಂದರಂತೆ. ಮತ್ತೆ ಔಷಧಿ ಕೊಡಲು ಮೂತ್ರಪಿಂಡ ಸರಿ ಇದೆಯೇ ಎಂದು ರಕ್ತ ಪರೀಕ್ಷೆಗೂ ಬರೆದರು.

ಪಟ್ಟಿ ಕಟ್ಟಬಹುದು, ಮೀನಖಂಡ ಮೊದಲು ಹಿಡಿಯಬಹುದು. ಕಾಲನ್ನು ಸುಮ್ಮನಿರಿಸುವುದು ಹೇಗೆ? ನಿದ್ರೆ ಮದ್ದು ಕೊಟ್ಟರೆ, ನಿದ್ರೆಯಲ್ಲೂ ತುಳಿಯುವವಳಿಗೆ ಅದರಿಂದೇನು ಪ್ರಯೋಜನ ಎಂದು ಸೊಸೆ ಕೇಳಿದಳು. ಮರಳಿನ ಚೀಲ ಇಟ್ಟರೆ ಹಿಮ್ಮಡಿ ನಿಲ್ಲುತ್ತದೆ, ಒಳಗಿನ ಸ್ನಾಯು ಮಿಡಿಯುವುದು ನಿಲ್ಲಬೇಕಲ್ಲ ಎಂದು ಪಟದಕ್ಕ ಯೋಚನೆಗೆ ಬಿದ್ದಳು. ಕೊನೆಗೆ ಟೈಲರಮ್ಮ ತಾನೇ ಕೇಳಿದಳು: "ನಾನು ಕೈಹೊಲಿಗೆ ಹಾಕಿದ್ರೆ?"

ಕೈಯಲ್ಲಿ ಅಂಚು ಮಡಚಿ ಹೊಲಿಯುವಾಗ ಅವಳ ಕಾಲಿಗೆ ಬಿಡುವು. ಕೈಗೆ ಕೆಲಸ ಇದ್ದರೆ ಕಾಲಿಗೆ ಆಸೆ ಹುಟ್ಟುವುದಿಲ್ಲ. ಕೊಳವೆಯೊಳಗೆ ಸೂಜಿ ಒಯ್ಯುವಂತಿಲ್ಲ, ಕೈಯೂ ಅಲುಗುವಂತಿಲ್ಲ. ಸರಿ, ಮನಸ್ಸಿನಲ್ಲೇ ಹೊಲಿಯೋಣ ಎಂದಾಯಿತು.

ಆ ವಾರವೆಲ್ಲ ವಾರ್ಡಿನಲ್ಲಿ ಅದೇ ತಾಲೀಮು. ಸೊಸೆ ಸ್ಟೀಲ್ ಲೋಟಕ್ಕೆ ಚಮಚೆ ತಗೊಂಡು ಟಕಟಕ ಬಡಿಯುವುದು, ಟೈಲರಮ್ಮ ಕಣ್ಣು ಮುಚ್ಚಿ ಮಲಗಿ ಮನಸ್ಸಿನಲ್ಲಿ ಬಟ್ಟೆ ಮಡಚುವುದು. ಅದೇ ವಾರ್ಡಿನ ಆಚೆ ಅರ್ಧದಲ್ಲಿ, ಗಂಡಸರ ಕಡೆ ದಾಖಲಾಗಿದ್ದ ಬಸ್ ಡ್ರೈವರು ತಮ್ಮ ಗಾಲಿಕುರ್ಚಿಯನ್ನು ಮಂಚದ ಕಾಲುದೆಸೆಗೆ ತಂದು ನಿಲ್ಲಿಸಿ ಪಂಚಾಯ್ತಿಗೆ ಕೂತರು. ಹೆಬ್ಬೆರಳು ಮಿಡಿದರೂ ಅವರ ಕಣ್ಣು ತಪ್ಪಿಸುವಂತಿರಲಿಲ್ಲ. "ಅಲುಗ್ತು, ಅಲುಗ್ತು, ಟಿಕೆಟ್ ಇಲ್ಲದೆ ಹತ್ತಿದ್ದಾರೆ, ಇಳಿಸಿ," ಎನ್ನುವರು. ಮೊದಮೊದಲು ಚಿಕ್ಕ ಚಿಕ್ಕ ಬಟ್ಟೆ ಹಿಡಿದದ್ದೇ ತಪ್ಪಾಯಿತು. ಹೊಲಿಗೆ ಬೇಗ ಮುಗಿದು ಕಾಲು ಮತ್ತೆ ಕೆಲಸ ಹುಡುಕುತ್ತಿತ್ತು. ಕೊನೆಗೆ, ಬಹಳ ಹಿಂದೆ ಶಾಲೆಯ ನಾಟಕಕ್ಕೆಂದು ಗಂಡನ ಜೊತೆ ಕೂತು ಕೈಯಲ್ಲೇ ಅಂಚು ಕಟ್ಟಿದ್ದ ದೊಡ್ಡ ಪರದೆ ಅವಳಿಗೆ ನೆನಪಾಯಿತು. ಆ ಪರದೆ ಎಷ್ಟು ಹೊಲಿದರೂ ಮುಗಿಯುವಂಥದ್ದಲ್ಲ. ಅದನ್ನು ಹಿಡಿದ ದಿನ ಸೊಸೆಯ ಕೈ ಸೋತು ಚಮಚೆ ನಿಂತಿತೇ ಹೊರತು ಟೈಲರಮ್ಮನ ಕಾಲು ಅಲುಗಲಿಲ್ಲ. ಡ್ರೈವರು ಸೀಟಿ ಹೊಡೆದು ನರ್ಸಮ್ಮನಿಂದ ಬೈಸಿಕೊಂಡರು.

ಎರಡನೇ ಸಲ ಕೆಳಗೆ ಹೋದಾಗ ಪಟದಕ್ಕ ಅಂಗಿಯ ಮಡಿಕೆ ನೋಡುವ ಕೆಲಸ ಸೊಸೆಗೆ ಬಿಡದೆ ತಾನೇ ಮಾಡಿದಳು. ಚಳಿಗೆ ರಕ್ತನಾಳ ಕುಗ್ಗುತ್ತದೆಂದು ಬಿಸಿ ಮಾಡಿದ ಹೊದಿಕೆಯನ್ನು ಎರಡೂ ಕಾಲಿಗೆ ಸುತ್ತಿ ಒಂದಷ್ಟು ಹೊತ್ತು ಬಿಟ್ಟಳು. ಮೀನಖಂಡ ಹಾಸಿಗೆಗೆ ಒತ್ತಿಕೊಳ್ಳದ ಹಾಗೆ ಹಿಮ್ಮಡಿಯ ಅಡಿಗೆ ಮೆತ್ತೆ ಕೊಟ್ಟಳು, ಪಾದದ ಎರಡೂ ಕಡೆ ಮರಳಿನ ಚೀಲ. ತೊಡೆಗೆ ಪಟ್ಟಿ ಕಟ್ಟುವಾಗ ಒಂದು ಸಲ ಕಟ್ಟಿ, ಸರಿಯಿಲ್ಲವೆಂದು ಬಿಚ್ಚಿ, ಮತ್ತೆ ಕಟ್ಟಿದಳು. ಪಟ್ಟಿಯ ಗಾಳಿ ಅಳೆಯುವ ಮಾಪಕ ಅಯಸ್ಕಾಂತದ ಹತ್ತಿರ ಬರುವಂತಿಲ್ಲ. ಉದ್ದದ ರಬ್ಬರ್ ಕೊಳವೆಯನ್ನು ಗೋಡೆಯ ತೂತಿನಿಂದ ಆಚೆ ಕೋಣೆಗೆ ಎಳೆದಿದ್ದರು, ಅಲ್ಲಿ ಡಾಕ್ಟರು ಮಾಪಕ ಹಿಡಿದು ನಿಂತಿದ್ದರು. ಎಲ್ಲ ಮುಗಿದ ಮೇಲೆ ಪಟದಕ್ಕ ಬಗ್ಗಿ ಟೈಲರಮ್ಮನ ಕಿವಿಯ ಹತ್ತಿರ, ಪರದೆ ತಂದಿದ್ದೀರಾ ಎಂದು ಕೇಳಿದಳು. ತಂದಿದ್ದೇನೆ ಎಂದಳು ಟೈಲರಮ್ಮ.

ಕೊಳವೆಯೊಳಗೆ ಆ ಪರದೆ ಕಡುನೀಲಿ ಬಣ್ಣದ್ದು, ದಪ್ಪ ಬಟ್ಟೆ. ಒಂದು ಕೊನೆಯಲ್ಲಿ ಅವಳು, ಇನ್ನೊಂದು ಕೊನೆಯಲ್ಲಿ ಗಂಡ. ಅವನು ಎಂದಿನ ಹಾಗೆ ನಿಧಾನ. ಮೆಷಿನ್ ಬಡಿಯಿತು, ತೋಳಿನಲ್ಲಿ ತಣ್ಣಗೆ ಔಷಧಿ ಹರಿಯಿತು, ತೊಡೆ ಬಿಗಿದುಕೊಂಡಿತ್ತು. ಅವಳು ಮಡಚಿದಳು, ಚುಚ್ಚಿದಳು, ಎಳೆದಳು. ಗಂಡ ತಲೆಯೆತ್ತದೆ, ದಾರ ಇನ್ನೂ ಸ್ವಲ್ಪ ಸಡಿಲ ಬಿಡು, ಸುಕ್ಕು ಬರುತ್ತೆ ಎಂದ. ಅವಳು ಸಡಿಲ ಬಿಟ್ಟಳು. ಮೈಕಿನಲ್ಲಿ ಒಡೆದ ಗಂಟಲು, ಆಯ್ತಮ್ಮ, ಮುಗೀತು ಎಂದಾಗ ಟೈಲರಮ್ಮನಿಗೆ ಪರದೆ ಬಿಟ್ಟು ಬರಲು ಮನಸ್ಸೇ ಇರಲಿಲ್ಲ.

ಡಾಕ್ಟರು ಪಟವನ್ನು ವಾರ್ಡಿಗೇ ತಂದು ಕಿಟಕಿಯ ಬೆಳಕಿಗೆ ಹಿಡಿದರು. ಈ ಸಲ ಮೊಣಕಾಲಿನ ಕೆಳಗೆ ಕಲಸಿದ ಬಿಳಿ ಇರಲಿಲ್ಲ. ಕಪ್ಪಿನ ಮೇಲೆ ಮುರಿದ ಎರಡು ಗೆರೆಗಳು, ಅವುಗಳ ಪಕ್ಕಕ್ಕೆ ಒಂದೇ ಒಂದು ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ, ಮೊಣಕಾಲಿನ ಕೆಳಗಿನಿಂದ ಹೊರಟು ಎಲ್ಲೂ ಕಡಿಯದೆ ಪಾದದವರೆಗೆ ಬಂದು ಅಲ್ಲಿ ಬೆರಳುಗಳ ಕಡೆಗೆ ಕವಲೊಡೆದಿತ್ತು. ಡಾಕ್ಟರು ಅದರ ಮೇಲೆ ಬೆರಳಾಡಿಸಿದರು. ಇದು ಸಾಕು ಎಂದರು. ಮಾತು ಕಡಿಮೆಯ ಆ ಮನುಷ್ಯ ಪಟ ಮಡಚುವ ಮುಂಚೆ, ಪಟದಕ್ಕ ಹಿಡಿದುಕೊಟ್ಟಿದ್ದಕ್ಕೆ ನನಗೆ ಸಿಕ್ಕಿತು ಎಂದೂ ಸೇರಿಸಿದರು.

ಟೈಲರಮ್ಮ ಪಟದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ಅರವತ್ತನೇ ನಂಬರಿನ ದಾರ," ಎಂದಳು. "ತೆಳ್ಳಗಿದ್ರೂ ಎಳೆದ್ರೆ ಕಿತ್ತುಬರಲ್ಲ."

ಅದೇ ಕಾಲಿನ ಒಂದು ನಾಳ ತೆಗೆದು, ತೊಡೆಯಿಂದ ಆ ಎಳೆಯವರೆಗೆ ಜೋಡಿಸಿದರು. ಕಪ್ಪಾಗಿದ್ದ ಕಿರುಬೆರಳು ಹೋಯಿತು, ಕಾಲು ಉಳಿಯಿತು. ಗಾಯ ಮಾಯಲು ಬಹಳ ಕಾಲ ಹಿಡಿಯಿತು, ಸೊಸೆಯ ಬೈಗುಳವೂ ಅಷ್ಟೇ ಕಾಲ ನಡೆಯಿತು.

ಎದ್ದು ಓಡಾಡುವಂತಾದ ಮೇಲೆ ಟೈಲರಮ್ಮ ಕೋಲೂರಿಕೊಂಡು ಕೆಳಗಿನ ಮಹಡಿಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಪಟದಕ್ಕ ಮೂಲೆಯಲ್ಲಿ ನಿಂತುಕೊಂಡೇ ಡಬ್ಬಿಯಿಂದ ಊಟ ಮಾಡುತ್ತಿದ್ದಳು. ಅವಳು ಕೂತು ಉಂಡದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಟೈಲರಮ್ಮನ ಮುಖ ನೋಡಿ ಅವಳಿಗೆ ಗುರುತು ಸಿಕ್ಕಂತಿರಲಿಲ್ಲ. ಪಾದದ ಮೇಲೆ ಕಣ್ಣು ಬಿದ್ದದ್ದೇ, ಓ, ಪರದೆ ಅಮ್ಮ ಎಂದಳು. ಕೈ ತೊಳೆದು ಬಂದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಪಾದದ ಮೇಲೆ ಎರಡು ಬೆರಳಿಟ್ಟಳು. ನಾಡಿ ಬಡಿಯುತ್ತಿತ್ತು. ಟೈಲರಮ್ಮ ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲೇ ಚೆಲ್ಲಾಪಿಲ್ಲಿಯಾಯಿತು. ಅವಳು ಬಗ್ಗಿ ಪಟದಕ್ಕನ ತಲೆಯ ಮೇಲೆ ಕೈಯಿಟ್ಟಳು ಅಷ್ಟೇ. ತನಗಿಂತ ಎಷ್ಟೋ ಚಿಕ್ಕವಳು, ಆದರೂ ಅವತ್ತಿನಿಂದ ಟೈಲರಮ್ಮನ ಬಾಯಲ್ಲೂ ಅಕ್ಕನೇ.

ಆಮೇಲೆ ಹತ್ತಿರವಾದದ್ದು ಕೆಲಸದ ದಾರಿಯಲ್ಲಿ. ಆಸ್ಪತ್ರೆಯ ಬಿಪಿ ಪಟ್ಟಿಗಳು ದಪ್ಪ ತೊಡೆಯವರಿಗೆ ಸಾಲುತ್ತಿರಲಿಲ್ಲ, ಸಣ್ಣ ತೊಡೆಯವರಿಗೆ ಜಾರುತ್ತಿದ್ದವು. ಟೈಲರಮ್ಮ ಅಳತೆ ತಗೊಂಡು ಮೆತ್ತನೆ ಹತ್ತಿಬಟ್ಟೆಯಲ್ಲಿ ಉದ್ದದ ಕಟ್ಟುಗಳನ್ನು ಹೊಲಿದುಕೊಟ್ಟಳು, ಹುಕ್ಕಿಲ್ಲ, ಒತ್ತುಗುಂಡಿಯಿಲ್ಲ, ಎಲ್ಲ ಬಟ್ಟೆಯ ಲಾಡಿ. ಮರಳಿನ ಚೀಲಗಳು ಸೋರುತ್ತಿದ್ದವು. ಅವಕ್ಕೆ ಎರಡು ಪದರದ ಹೊದಿಕೆ ಮಾಡಿದಳು. ಪಾದ ಅತ್ತಿತ್ತ ವಾಲದ ಹಾಗೆ ಹಿಡಿಯಲು ಒಂದು ಜೋಡಿ ಬಟ್ಟೆಯ ಗೂಡು ಹೊಲಿದಳು. ಕೊಡುವ ಮುಂಚೆ ಪ್ರತಿಯೊಂದನ್ನೂ ಅಂಗೈಯಲ್ಲಿ ಒತ್ತಿ ಒತ್ತಿ, ಒಳಗೆ ಗುಂಡುಪಿನ್ ಉಳಿದಿಲ್ಲವೆಂದು ನೋಡುವಳು. ಸೊಸೆ ತನ್ನ ಪಾಲಿಗೆ ಇನ್ನೊಂದು ಸಲ ಒತ್ತುವಳು. ಕೂಲಿ ಎಂದು ಪಟದಕ್ಕ ಬಾಯಿ ತೆರೆದರೆ, ಕಾಲಿನ ಕೂಲಿ ಮೊದಲು ನೀವು ತಗೊಳ್ಳಿ, ಆಮೇಲೆ ನೋಡೋಣ ಎಂದು ಸೊಸೆಯೇ ಮಾತು ಮುಗಿಸಿಬಿಡುವಳು.

ಪಟದಕ್ಕ ಅವನ್ನು ಒಯ್ಯಲು ಬಂದಾಗ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುವಳು. ಹಾಗೆ ಕೂತು ಕೂತೇ ಅವಳ ಬದುಕೂ ಚೂರು ಚೂರಾಗಿ ಟೈಲರಮ್ಮನಿಗೆ ತಿಳಿಯಿತು. ಅಪ್ಪನದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರ ಗದ್ದ ಎತ್ತಿ ಹಿಡಿದು, ಕಣ್ಣು ಮಿಟುಕಿಸಬೇಡಿ ಎನ್ನುವುದು ಚಿಕ್ಕಂದಿನಲ್ಲಿ ಇವಳ ಕೆಲಸ. ಮೊಬೈಲು ಬಂದು ಸ್ಟುಡಿಯೋ ಮುಚ್ಚುವ ಮೊದಲೇ ಅಪ್ಪ ಅವಳನ್ನು ಎಕ್ಸ್‌ರೇ ಕಲಿಯಲು ಕಳಿಸಿದ್ದ, ಜನ ನಗುವುದನ್ನು ಬಿಟ್ಟರೂ ಮೂಳೆ ಮುರಿಯುವುದನ್ನು ಬಿಡುವುದಿಲ್ಲ ಎಂದು. ಗಂಡನಿಗೆ ಸೈಕಲ್ ರಿಪೇರಿ ಅಂಗಡಿ. ಮನೆಯಲ್ಲಿ ಒಬ್ಬರ ಕೈ ಮಸಿ, ಇನ್ನೊಬ್ಬರ ಕೈಗೆ ಸ್ಪಿರಿಟ್ಟಿನ ವಾಸನೆ. ಮಕ್ಕಳಾಗಲಿಲ್ಲ. ಅದನ್ನು ಅವಳು ಒಂದೇ ಸಲ, ಬೇರೆ ಮಾತಿನ ನಡುವೆ ಹೇಳಿದಳು. ಟೈಲರಮ್ಮನೂ ಕತ್ತರಿ ನಿಲ್ಲಿಸದೆ ಕೇಳಿಸಿಕೊಂಡಳು.

ಒಂದು ದಿನ ಪಟದಕ್ಕ ಬಂದವಳು ಹೊಲಿದಿಟ್ಟ ಕಟ್ಟುಗಳ ಕಡೆ ಕೈಯೂ ಚಾಚದೆ ಬೆಂಚಿನ ಮೇಲೆ ಕೂತಳು. ಬಸ್ ಡ್ರೈವರ ಇನ್ನೊಂದು ಪಟ ಅವತ್ತು ತೆಗೆದಿದ್ದರು. ಪಟ್ಟಿ ಸರಿಯಾಗಿ ಕೂತಿತ್ತು, ಅವರು ಒಂದು ಚೂರೂ ಅಲುಗಲಿಲ್ಲ, ಅಷ್ಟು ಚೆಂದದ ಪಟ ಆ ಮೆಷಿನ್ನಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಆ ಚೆಂದದ ಪಟದಲ್ಲಿ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಇಲ್ಲ ಎನ್ನುವುದು ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಟೈಲರಮ್ಮ ಚಹಾ ತರಿಸಿದಳು. ಅದು ಆರುವವರೆಗೆ ಪಟದಕ್ಕ ಲೋಟ ಹಿಡಿದುಕೊಂಡು ಕೂತಿದ್ದು ಎದ್ದುಹೋದಳು.

ಕೆಲವು ತಿಂಗಳಾದ ಮೇಲೆ ಡ್ರೈವರು ಊರುಗೋಲಿನಲ್ಲಿ ಅಂಗಡಿಯ ಮೆಟ್ಟಿಲು ಹತ್ತಿ ಬಂದು ತಮ್ಮ ಪ್ಯಾಂಟುಗಳ ಗಂಟನ್ನು ಮೇಜಿನ ಮೇಲಿಟ್ಟರು. ಎಡಗಾಲುಗಳನ್ನೆಲ್ಲ ಮೊಣಕಾಲಿಗೆ ಮಡಚಿ ಹೊಲಿಯಬೇಕು. ಪಟದಕ್ಕನ ಮೇಲೆ ಸಿಟ್ಟಿದೆಯೇ ಎಂದು ಸೊಸೆ ಮೆಲ್ಲಗೆ ಕೇಳಿದಳು. ಡ್ರೈವರು ಇಲ್ಲವೆಂದು ತಲೆಯಾಡಿಸಿದರು. ಮುಂದೆ ರಸ್ತೆ ಇಲ್ಲ ಎಂದು ಮೊದಲೇ ಕೈ ಅಡ್ಡ ಹಿಡಿದು ಹೇಳುವವರ ಮೇಲೆ ಡ್ರೈವರಾದವನು ಸಿಟ್ಟು ಮಾಡಿಕೊಳ್ಳುತ್ತಾನೆಯೇ, ಹೇಳದಿದ್ದರೆ ಬಸ್ಸನ್ನೇ ಹಳ್ಳಕ್ಕೆ ಇಳಿಸುತ್ತಿದ್ದೆ ಎಂದರು. ಟೈಲರಮ್ಮ ಆ ಪ್ಯಾಂಟುಗಳನ್ನು ಮೆಷಿನ್ನಿಗೆ ಕೊಡದೆ ಒಂದೊಂದನ್ನೂ ಕೈಯಲ್ಲೇ ಹೊಲಿದಳು. ತನ್ನ ಪಾಲಿಗೆ ಸಿಕ್ಕ ಎಳೆ ಎಷ್ಟು ಸಣ್ಣದಿತ್ತು ಎಂದು ಅವಳಿಗೆ ನಿಜವಾಗಿ ಅರ್ಥವಾದದ್ದು ಆವಾಗ.

ವರ್ಷಗಳು ಹೋದವು. ಪಟದಕ್ಕನ ಕೂದಲು ಪೂರ್ತಿ ಬೆಳ್ಳಗಾಯಿತು, ನಿವೃತ್ತಿಯ ದಿನ ಹತ್ತಿರ ಬಂತು. ಗಂಡನ ಅಣ್ಣ ದೂರದ ಊರಲ್ಲಿ ಒಬ್ಬನೇ ಇದ್ದ. ಸೈಕಲ್ ಅಂಗಡಿ ಬೇರೆಯವರಿಗೆ ಬಿಟ್ಟು ಅಲ್ಲಿಗೇ ಹೋಗುವುದೆಂದು ತೀರ್ಮಾನವಾಗಿತ್ತು. ಆಸ್ಪತ್ರೆಗೆ ಅವಳ ಜಾಗಕ್ಕೆ ಇಬ್ಬರು ಬಂದಿದ್ದರು, ಬೇರೆ ಕಡೆ ಕೆಲಸ ಮಾಡಿ ಪಳಗಿದವರೇ, ಮೆಷಿನ್ನಿನ ಗುಂಡಿಗಳೆಲ್ಲ ಅವರಿಗೆ ಬಾಯಿಪಾಠ. ಆ ವಾರದ ಒಂದು ಮಧ್ಯಾಹ್ನ ಪಟದಕ್ಕ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂರದೆ, ಬಾಗಿಲಲ್ಲೇ ನಿಂತಳು. ಇಷ್ಟು ವರ್ಷದಲ್ಲಿ ಅವಳು ಏನನ್ನಾದರೂ ಕೇಳಲು ಹಿಂಜರಿದದ್ದನ್ನು ಟೈಲರಮ್ಮ ನೋಡಿರಲಿಲ್ಲ.

"ಅಮ್ಮ, ಒಂದು ಕೇಳ್ತೀನಿ, ಬೇಜಾರಾದ್ರೆ ಇಲ್ಲ ಅಂದುಬಿಡಿ. ಒಂದು ಬೆಳಿಗ್ಗೆ ಮಟ್ಟಿಗೆ ನಿಮ್ಮ ಕಾಲು ಬೇಕು."

ಟೈಲರಮ್ಮ ತುಳಿಯುವುದನ್ನು ನಿಲ್ಲಿಸಿದಳು.

ಹೊಸಬರಿಗೆ ಪಟ್ಟಿ ಕಟ್ಟುವುದನ್ನು ಬಾಯಲ್ಲಿ ಹೇಳಿ ಮುಗಿಸಿದ್ದಾಳಂತೆ, ದಿಂಬಿಗೆ ಸುತ್ತಿ ತೋರಿಸಿದ್ದೂ ಆಯಿತಂತೆ. ಆದರೆ ದಿಂಬಿಗೆ ನೋವಾಗುವುದಿಲ್ಲ, ಎಷ್ಟು ಬಿಗಿಯಾಯಿತೆಂದು ಅದು ಹೇಳುವುದಿಲ್ಲ. ಗಟ್ಟಿಮುಟ್ಟಾದವರ ಕಾಲಿಗೆ ಕಟ್ಟಿ ಕಲಿತರೆ ಕಾಯಿಲೆಯವರ ಸಡಿಲು ಚರ್ಮ, ತೆಳ್ಳಗಿನ ತೊಡೆ ಕೈಗೆ ತಿಳಿಯುವುದಿಲ್ಲ. ಔಷಧಿ ಇಲ್ಲ, ಸೂಜಿ ಇಲ್ಲ, ಕೊಳವೆಯೊಳಗೂ ಹೋಗಬೇಕಾಗಿಲ್ಲ. ಸುಮ್ಮನೆ ಮಲಗಿ, ಇದು ಬಿಗಿ, ಇದು ಸಡಿಲ ಎಂದು ಅವರಿಗೆ ಹೇಳಬೇಕು. ತಾನು ಹೋದ ಮೇಲೆ ಬರುವವರ ಕಾಲಿಗೆ ಈ ಇಬ್ಬರ ಕೈಯೇ ಗತಿ.

ಟೈಲರಮ್ಮ ಬಲಗಾಲನ್ನು ಹಲಗೆಯಿಂದ ಎತ್ತಿ ಮುಂದೆ ಚಾಚಿದಳು, ಈಗಲೇ ಕೊಡುವವಳ ಹಾಗೆ. "ಇದು ನಿಮ್ಮದೇ ಅಲ್ವಾ ಅಕ್ಕ. ತಗೊಂಡು ಹೋಗಿ."

"ಅಯ್ಯೋ, ಅದಲ್ಲ," ಎಂದಳು ಪಟದಕ್ಕ. "ಜೋಡಿಸಿದ ನಾಳದ ಮೇಲೆ ಪಟ್ಟಿ ಕಟ್ಟಬಾರದು. ಕಟ್ಟೋಕೆ ಎಡಗಾಲು ಕೊಡಿ. ಬಲಗಾಲು ನಿಮ್ಮನ್ನ ಅಲ್ಲಿಗೆ ನಡೆಸ್ಕೊಂಡು ಬಂದ್ರೆ ಸಾಕು."